ಪ್ಯಾರಾಮೆಡಿಕಲ್ ಓದಿಗೆ ದುಡ್ಡು ಹಾಕುವ ಮುನ್ನ: ಹಾಸನದ ಮನೆಗಳಿಗೊಂದು ಖರ್ಚು-ಗಳಿಕೆಯ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಹಾಸನದ ಲ್ಯಾಬುಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಶುಗರ್ ಟೆಸ್ಟ್‌ಗೆ ಬಂದವರು ತೋಳು ಚಾಚಿಕೊಂಡೇ ಕೇಳುತ್ತಾರೆ: ‘ಮಗಳನ್ನ ಪ್ಯಾರಾಮೆಡಿಕಲ್‌ಗೆ ಹಾಕ್ಬೋದಾ ಸಾರ್? ಹಾಕಿದ್ ದುಡ್ಡು ವಾಪಸ್ ಬರುತ್ತಾ?’ ಕೇಳುವವರಲ್ಲಿ ಹೆಚ್ಚಿನವರು ಅರಕಲಗೂಡು, ಆಲೂರು, ಹೊಳೆನರಸೀಪುರ ಕಡೆಯ ರೈತರು. ಶುಂಠಿಗೋ ಆಲೂಗಡ್ಡೆಗೋ ಒಂದು ವರ್ಷ ಬೆಲೆ ಸಿಕ್ಕಿದೆ, ಆ ದುಡ್ಡು ಕೈಲಿರುವಾಗಲೇ ಮಗುವಿಗೊಂದು ದಾರಿ ಮಾಡಬೇಕು ಅನ್ನುವವರು. ಅವರಿಗೆ ‘ಒಳ್ಳೇ ಕೋರ್ಸು, ಹಾಕಿ’ ಅಂದುಬಿಡುವುದು ಸುಲಭ. ಆದರೆ ಅದೇ ಕೋರ್ಸಿನಲ್ಲಿ ಒಬ್ಬರು ಎರಡು ವರ್ಷದೊಳಗೆ ಹಾಕಿದ್ದನ್ನು ತೆಗೆದಿರುತ್ತಾರೆ, ಇನ್ನೊಬ್ಬರು ಐದು ವರ್ಷವಾದರೂ ಬಡ್ಡಿ ಕಟ್ಟುತ್ತಿರುತ್ತಾರೆ. ವ್ಯತ್ಯಾಸ ಕೋರ್ಸಿನ ಹೆಸರಲ್ಲಿಲ್ಲ. ಎಲ್ಲಿ ಓದಿದರು, ಎಲ್ಲಿ ಉಳಿದುಕೊಂಡರು, ಎಷ್ಟು ಸಾಲ ಮಾಡಿದರು ಅನ್ನುವುದರಲ್ಲಿದೆ. ಅದನ್ನು ಹೇಗೆ ಲೆಕ್ಕ ಹಾಕುವುದು ಅಂತ ಹಂತ ಹಂತವಾಗಿ ಬರೆದಿದ್ದೇನೆ. ಒಂದು ನೋಟ್‌ಬುಕ್ ಹಿಡಿದು ಕೂತರೆ ಒಂದು ಸಂಜೆಯ ಕೆಲಸ.

1. ಯಾವ ಕೆಲಸ ಅಂತ ಮೊದಲು ತೀರ್ಮಾನಿಸಿ

‘ಪ್ಯಾರಾಮೆಡಿಕಲ್’ ಅಂತ ಒಂದು ಕೆಲಸವೇ ಇಲ್ಲ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಟೆಕ್ನಿಷಿಯನ್, ಆಪರೇಷನ್ ಥಿಯೇಟರ್ ಮತ್ತು ಅರಿವಳಿಕೆ, ಡಯಾಲಿಸಿಸ್, ಕಣ್ಣಿನ ವಿಭಾಗ, ಮೆಡಿಕಲ್ ರೆಕಾರ್ಡ್ಸ್, ಹೆಲ್ತ್ ಇನ್ಸ್‌ಪೆಕ್ಟರ್ ಹೀಗೆ ಬೇರೆ ಬೇರೆ ಡಿಪ್ಲೊಮಾಗಳಿವೆ. ಒಂದರ ಸರ್ಟಿಫಿಕೇಟ್ ಇಟ್ಟುಕೊಂಡು ಇನ್ನೊಂದರ ಕೆಲಸ ಕೇಳಲಾಗದು. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಮೇಲೆ ಸೇರಿದರೆ ಮೂರು ವರ್ಷ, ಪಿಯುಸಿ ವಿಜ್ಞಾನ ಮುಗಿಸಿ ಸೇರಿದರೆ ಎರಡು ವರ್ಷ. ಇದಕ್ಕಿಂತ ಮೇಲಿನದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ ಪದವಿ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕೆಳಗಿನದು ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ, ಅಂದರೆ ರೋಗಿಯನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ವಾರ್ಡಿನಲ್ಲಿ ನರ್ಸ್‌ಗಳಿಗೆ ನೆರವಾಗುವುದು. ಇದನ್ನು ಸರ್ಕಾರದ ಕೌಶಲ ಯೋಜನೆಗಳಲ್ಲಿ ಉಚಿತವಾಗಿಯೇ ಕಲಿಸುತ್ತಾರೆ. ಆದ್ದರಿಂದ ಈ ತರಬೇತಿಗೆ ಯಾರಾದರೂ ನಲವತ್ತು ಐವತ್ತು ಸಾವಿರ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮೊಬೈಲಲ್ಲಿ ‘ಮೆಡಿಕಲ್ ಅಸಿಸ್ಟೆಂಟ್ ಸಂಬಳ’ ಅಂತ ಹುಡುಕಿದರೆ ಅಮೆರಿಕದ ಅಂಕಿ ಎದುರಿಗೆ ಬರುತ್ತದೆ. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 2023ರಲ್ಲಿ ಆ ಕೆಲಸದವರ ಮಧ್ಯಮ ವಾರ್ಷಿಕ ಸಂಬಳ 42,000 ಡಾಲರ್. ಅದನ್ನು ರೂಪಾಯಿಗೆ ಗುಣಿಸಿ ಆಸೆ ಪಡಬೇಡಿ. ಅದು ಅಲ್ಲಿನ ಕ್ಲಿನಿಕ್‌ಗಳಲ್ಲಿ ಬಿಪಿ ನೋಡುವುದರಿಂದ ಹಿಡಿದು ಅಪಾಯಿಂಟ್‌ಮೆಂಟ್ ಬರೆಯುವವರೆಗೆ ಎಲ್ಲ ಮಾಡುವ ಬೇರೆಯೇ ಹುದ್ದೆ. ನಮ್ಮ ಆಸ್ಪತ್ರೆಗಳಲ್ಲಿ ಆ ಹೆಸರಿನ ಹುದ್ದೆಗೆ ಕರೆಯುವುದೇ ಅಪರೂಪ.

2. ಫೀಸಿನ ಮಾತಿಗೆ ಮುಂಚೆ ಮಾನ್ಯತೆ ನೋಡಿ

ಉಳಿದೆಲ್ಲ ಲೆಕ್ಕ ಇದರ ಮೇಲೆ ನಿಂತಿದೆ. ಮಾನ್ಯತೆ ಇಲ್ಲದ ಸರ್ಟಿಫಿಕೇಟ್ ಹತ್ತು ಸಾವಿರಕ್ಕೆ ಸಿಕ್ಕಿದರೂ ದುಬಾರಿಯೇ.

ಡಿಪ್ಲೊಮಾ ಆದರೆ ಕರ್ನಾಟಕ ರಾಜ್ಯ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಬೇಕು. ಪದವಿಯಾದರೆ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಬೇಕು. ಎರಡೂ ಪಟ್ಟಿ ಅವುಗಳ ವೆಬ್‌ಸೈಟಿನಲ್ಲಿವೆ. ಕಾಲೇಜಿನ ಹೆಸರು ಇದ್ದರೆ ಸಾಲದು. ನೀವು ಸೇರುವ ಕೋರ್ಸು ಆ ಹೆಸರಿನ ಮುಂದೆ ಇದೆಯೇ, ಈ ವರ್ಷಕ್ಕೆ ಎಷ್ಟು ಸೀಟು ಕೊಟ್ಟಿದ್ದಾರೆ ಅಂತಲೂ ನೋಡಿ. ಲ್ಯಾಬ್ ಕೋರ್ಸಿಗೆ ಮಾತ್ರ ಅನುಮತಿ ಇಟ್ಟುಕೊಂಡು ಡಯಾಲಿಸಿಸ್‌ಗೂ ಮಕ್ಕಳನ್ನು ಸೇರಿಸಿಕೊಂಡರೆ ಪರೀಕ್ಷೆ ಹೊತ್ತಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಮಾಳಿಗೆಯ ಮೇಲೆ ಎರಡು ರೂಮು, ಗೋಡೆ ಮೇಲೆ ದೂರದ ಊರಿನ ಯಾವುದೋ ‘ಕೌನ್ಸಿಲ್’ ಹೆಸರು, ‘ಆರು ತಿಂಗಳಲ್ಲಿ ಡಿಎಂಎಲ್‌ಟಿ (ಲ್ಯಾಬ್ ಡಿಪ್ಲೊಮಾ), ಕ್ಲಾಸಿಗೆ ಬರೋದೇ ಬೇಡ’ ಅನ್ನುವ ಮಾತು. ಈ ಮೂರರಲ್ಲಿ ಒಂದು ಕಂಡರೂ ದೂರವಿರಿ. ಆರೋಗ್ಯ ವಿಷಯಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಈ ವೃತ್ತಿಗಳಿಗೆ ರಾಜ್ಯ ಮಟ್ಟದ ಪರಿಷತ್ತು, ನೋಂದಣಿ ಎಲ್ಲ ಬರುತ್ತಿವೆ. ಇಂದು ಯಾವುದೋ ಸಣ್ಣ ಲ್ಯಾಬು ಕಣ್ಣು ಮುಚ್ಚಿಕೊಂಡು ಕೆಲಸ ಕೊಟ್ಟರೂ ನಾಳೆ ನೋಂದಣಿ ಕೇಳಿದಾಗ ಆ ಸರ್ಟಿಫಿಕೇಟ್ ಕೈ ಕೊಡುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಸಾಲ ಬೇಕಿರಲಿ ಬೇಡದಿರಲಿ, ನಿಮ್ಮ ಖಾತೆಯಿರುವ ಬ್ಯಾಂಕಿಗೆ ಹೋಗಿ ‘ಈ ಕಾಲೇಜಿನ ಈ ಕೋರ್ಸಿಗೆ ಶಿಕ್ಷಣ ಸಾಲ ಕೊಡ್ತೀರಾ?’ ಅಂತ ಕೇಳಿ. ಮಾನ್ಯತೆ ಇಲ್ಲ ಅಂತ ಬ್ಯಾಂಕಿನವರು ತಲೆ ಅಲ್ಲಾಡಿಸಿದರೆ ನಿಮ್ಮ ದುಡ್ಡನ್ನೂ ಹಾಕಬೇಡಿ.

3. ಖರ್ಚೆಲ್ಲ ಒಂದೇ ಹಾಳೆಯಲ್ಲಿ ಬರಲಿ

ಕಾಲೇಜಿನವರು ಹೇಳುವುದು ಟ್ಯೂಷನ್ ಫೀಸು. ನೀವು ಕೊಡುವುದು ಅದಕ್ಕಿಂತ ಎಷ್ಟೋ ಹೆಚ್ಚು. ನೋಂದಣಿ, ಪರೀಕ್ಷಾ ಶುಲ್ಕ, ಬಿಳಿ ಕೋಟು, ಯೂನಿಫಾರಂ, ರೆಕಾರ್ಡ್ ಬುಕ್, ಆಸ್ಪತ್ರೆ ಪೋಸ್ಟಿಂಗ್ ಶುಲ್ಕ, ಸಪ್ಲಿಮೆಂಟರಿ ಬರೆಯಬೇಕಾದರೆ ಅದರದ್ದು, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಕೂಡ ಆ ಪಟ್ಟಿಯಲ್ಲಿರಲಿ. ಮೊದಲ ಡೋಸಿನಿಂದ ಕೊನೆಯದಕ್ಕೆ ಆರು ತಿಂಗಳು ಬೇಕು, ಸೂಜಿ ಹಿಡಿಯುವ ಮುನ್ನವೇ ಶುರುವಾಗಬೇಕು. ಕಾಲೇಜು ಕೊಡಿಸುತ್ತದೆಯೇ ಅಂತ ಕೇಳಿ. ಕೊಡಿಸದಿದ್ದರೆ ನೀವೇ ಹಾಕಿಸಿ, ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು, ನಿಮ್ಮ ಕಾಲೇಜಿನದ್ದನ್ನು ಹಾಕಿಕೊಳ್ಳಿ. ಅರಕಲಗೂಡು ಕಡೆಯ ಹುಡುಗಿ, ಪಿಯುಸಿ ವಿಜ್ಞಾನ ಮುಗಿದಿದೆ, ಎರಡು ವರ್ಷದ ಲ್ಯಾಬ್ ಡಿಪ್ಲೊಮಾ. ಹಾಸನದ ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ 60,000 ಅಂದರೆ ಎರಡು ವರ್ಷಕ್ಕೆ 1,20,000. ಪುಸ್ತಕ, ಪರೀಕ್ಷೆ, ಯೂನಿಫಾರಂ ಎಲ್ಲ ಸೇರಿ 30,000. ಮಧ್ಯಾಹ್ನದ ಊಟ ತಿಂಡಿಗೆ ದಿನಕ್ಕೆ 50ರಂತೆ ವರ್ಷಕ್ಕೆ 240 ದಿನ, ಎರಡು ವರ್ಷಕ್ಕೆ 24,000. ಬಸ್ಸಿಗೆ ಏನೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಒಟ್ಟು 1,74,000. ಗಂಡುಮಗನಾದರೆ ವಿದ್ಯಾರ್ಥಿ ಪಾಸಿನ ಹಣ ಸೇರಿಸಿ.

ಅದೇ ಹುಡುಗಿ ಅಷ್ಟೇ ಫೀಸಿನ ಬೆಂಗಳೂರಿನ ಕಾಲೇಜಿಗೆ ಹೋದಳು ಅನ್ನಿ. ಪಿಜಿಯಲ್ಲಿ ಊಟ ಸೇರಿ ತಿಂಗಳಿಗೆ 8,000 ಅಂದರೆ 22 ತಿಂಗಳಿಗೆ 1,76,000. ಊರಿಗೆ ಓಡಾಟ, ಸಿಟಿ ಓಡಾಟ, ಸಣ್ಣಪುಟ್ಟ ಖರ್ಚು 20,000. ಫೀಸು, ಪುಸ್ತಕದ 1,50,000 ಸೇರಿಸಿದರೆ 3,46,000. ಓದು ಅದೇ, ಬೋರ್ಡು ಅದೇ, ಅಂಕಪಟ್ಟಿಯೂ ಅದೇ. ಹೆಚ್ಚಾದ 1,72,000 ಹೋದದ್ದು ಮಂಚಕ್ಕೆ ಮತ್ತು ಊಟಕ್ಕೆ.

ಇನ್ನೂ ಒಂದು ಸಾಲು ಬರೆಯಬೇಕು; ಇದನ್ನು ಯಾರೂ ಬರೆಯುವುದಿಲ್ಲ. ಓದದೇ ಹಾಸನದ ಗಾರ್ಮೆಂಟ್ಸಿಗೋ ಅಂಗಡಿಗೋ ಹೋಗಿದ್ದರೆ ತಿಂಗಳಿಗೆ 11,000 ಬರುತ್ತಿತ್ತು ಅಂತ ಹಿಡಿದರೆ ಎರಡು ವರ್ಷದಲ್ಲಿ 2,64,000. ಓದುವವರ ಮನೆ ಇದನ್ನೂ ಬಿಟ್ಟುಕೊಟ್ಟಿರುತ್ತದೆ. ಓದಿಸಬೇಡಿ ಅನ್ನಲು ಇದನ್ನು ಹೇಳುತ್ತಿಲ್ಲ. ನಾಲ್ಕು ವರ್ಷದ ಪದವಿಯೋ ಎರಡು ವರ್ಷದ ಡಿಪ್ಲೊಮಾವೋ ಅಂತ ತೂಗುವಾಗ ಆ ಹೆಚ್ಚಿನ ಎರಡು ವರ್ಷದ ನಿಜವಾದ ಬೆಲೆ ಗೊತ್ತಾಗುವುದು ಈ ಸಾಲಿನಿಂದಲೇ.

ಸರ್ಕಾರಿ ಸೀಟಿಗೆ ಮೊದಲು ಪ್ರಯತ್ನಿಸಿ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾವೆಲ್ಲ ಹಿಮ್ಸ್ ಅನ್ನುವುದು, 2006ರಿಂದ ಇದೆ. ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಾಗಿದೆ. ಸರ್ಕಾರಿ ಸೀಟು ಸಿಕ್ಕರೆ ಮೇಲಿನ 1,20,000ದ ಸಾಲು ಬಹುಪಾಲು ಅಳಿಸಿಹೋಗುತ್ತದೆ. ಜತೆಗೆ ಜಿಲ್ಲಾಸ್ಪತ್ರೆಗೆ ಬರುವಷ್ಟು ರೋಗಿಗಳು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಕೈ ಪಳಗುವುದು ಅಲ್ಲೇ. ಅರ್ಜಿ ಕರೆಯುವುದು ಕೆಲವೇ ದಿನ. ಫಲಿತಾಂಶ ಬಂದ ದಿನದಿಂದಲೇ ಬೋರ್ಡಿನ ಮತ್ತು ಪರೀಕ್ಷಾ ಪ್ರಾಧಿಕಾರದ ಪ್ರಕಟಣೆ ನೋಡುತ್ತಿರಿ. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ನಾಡಕಚೇರಿ ಸರತಿಯಲ್ಲಿ ನಿಂತು ಸೀಟು ಕಳೆದುಕೊಂಡವರಿದ್ದಾರೆ.

4. ಸ್ಕಾಲರ್‌ಶಿಪ್ ಬರೆದುಕೊಳ್ಳಿ, ನೆಚ್ಚಿಕೊಳ್ಳಬೇಡಿ

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಒಂದೇ ಅರ್ಜಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪ್ಯಾರಾಮೆಡಿಕಲ್, ನರ್ಸಿಂಗ್, ಬಿ.ಫಾರ್ಮಾದವರಿಗೆ ವರ್ಷಕ್ಕೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ಅಂತ ನಿಗದಿ ಮಾಡಿದ್ದರು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ. ಅಪ್ಪನೋ ಅಮ್ಮನೋ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದ್ದರೆ ಆ ಮಂಡಳಿಯ ಸಹಾಯಧನಕ್ಕೂ ಅರ್ಜಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಮಂಜೂರಾದರೂ ಹಣ ಬಂದು ಬೀಳುವುದಿಲ್ಲ. ಇವೆಲ್ಲ ಬಂದಾಗ ಬರುವ ಹಣ. ಫೀಸು ಕಟ್ಟುವ ದಿನಕ್ಕೆ ಬೇರೆ ದುಡ್ಡು ಇರಲೇಬೇಕು.

5. ಹೇಳುವ ಸಂಬಳ ಬಿಡಿ, ಕೈಗೆ ಸಿಗುವುದನ್ನು ಹಿಡಿಯಿರಿ

ಕಾಲೇಜಿನ ಫ್ಲೆಕ್ಸ್ ಮೇಲಿನ ಪ್ಯಾಕೇಜ್ ನಂಬುವುದಕ್ಕಿಂತ ಹಾಸನದ ಎರಡು ಮೂರು ಲ್ಯಾಬಿಗೆ ಹೋಗಿ, ಈಚೆಗೆ ಕೆಲಸಕ್ಕೆ ಸೇರಿದವರನ್ನು ಹೊರಗೆ ಟೀ ಕುಡಿಯುವಾಗ ಕೇಳಿ. ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆ ಓಡಾಡಿದರೆ ಒಂದೇ ಬೆಳಿಗ್ಗೆಯಲ್ಲಿ ಚಿತ್ರ ಸಿಗುತ್ತದೆ. ‘ಸೇರಿದಾಗ ಎಷ್ಟಿತ್ತು, ಎರಡು ವರ್ಷಕ್ಕೆ ಎಷ್ಟಾಯ್ತು, ಪಿಎಫ್ ಹಿಡೀತಾರಾ, ನೈಟ್ ಡ್ಯೂಟಿಗೆ ಬೇರೆ ಕೊಡ್ತಾರಾ?’ ಈ ನಾಲ್ಕು ಸಾಕು.

ಹಾಸನದಲ್ಲಿ ಆರಂಭಕ್ಕೆ 13,000, ಬೆಂಗಳೂರಿನಲ್ಲಿ 18,000 ಅಂತ ಹಿಡಿಯೋಣ. 13,000ದಲ್ಲಿ ಪಿಎಫ್ (ಭವಿಷ್ಯನಿಧಿ) ಶೇ 12ರಂತೆ 1,560, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಶೇ 0.75ರಂತೆ 98 ಹೋಗಿ ಕೈಗೆ 11,342. ಮನೆಯಿಂದಲೇ ಓಡಾಡುವವಳಿಗೆ ಸ್ವಂತ ಖರ್ಚು 2,500 ಅಂದರೆ ಉಳಿಯುವುದು ಸುಮಾರು 8,800. ಬೆಂಗಳೂರಿನ 18,000ದಲ್ಲಿ ಪಿಎಫ್ 15,000ದ ಮಿತಿಗೆ 1,800, ಇಎಸ್‌ಐ 135, ಕೈಗೆ 16,065. ಪಿಜಿಗೆ 8,000, ಓಡಾಟ ಇತ್ಯಾದಿಗೆ 2,000 ಹೋದರೆ ಸುಮಾರು 6,000 ಉಳಿತಾಯ. ಸಂಬಳ ಅಲ್ಲಿ ಹೆಚ್ಚು, ಉಳಿಯುವುದು ಇಲ್ಲಿ ಹೆಚ್ಚು.

ಈಗ ಖರ್ಚನ್ನು ಉಳಿತಾಯದಿಂದ ಭಾಗಿಸಿ. ಹಾಸನದಲ್ಲೇ ಓದಿ ಹಾಸನದಲ್ಲೇ ಕೆಲಸ ಮಾಡಿದರೆ 1,74,000 ವಾಪಸ್ ಬರಲು ಸುಮಾರು 20 ತಿಂಗಳು. ಬೆಂಗಳೂರಿನಲ್ಲಿ ಓದಿ ಅಲ್ಲೇ ಕೆಲಸ ಹಿಡಿದರೆ 3,46,000ಕ್ಕೆ ಸುಮಾರು 57 ತಿಂಗಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸಂಬಳ ಬೇಗ ಏರಬಹುದು, ಕಲಿಯುವ ಯಂತ್ರಗಳೂ ಹೆಚ್ಚು, ಅದನ್ನು ಅಲ್ಲಗಳೆಯುವುದಿಲ್ಲ. ಆದ್ದರಿಂದಲೇ ನನ್ನನ್ನು ಕೇಳಿದರೆ ಓದು ಹಾಸನದಲ್ಲಿ ಮುಗಿಸಿ, ಅನುಭವಕ್ಕೆ ಎರಡು ವರ್ಷ ಬೆಂಗಳೂರಿಗೆ ಹೋಗಿ ಅನ್ನುತ್ತೇನೆ. ಆಗ ಪಿಜಿ ಬಾಡಿಗೆಯನ್ನು ಸಂಬಳ ಕಟ್ಟುತ್ತದೆ, ಅಪ್ಪನ ಜೇಬಲ್ಲ.

ಪಿಎಫ್ ಹಿಡಿದರೆ ಮುಖ ಸಿಂಡರಿಸಬೇಡಿ. ಅಷ್ಟೇ ಪಾಲನ್ನು ಮಾಲೀಕರೂ ಹಾಕುತ್ತಾರೆ. ಇಎಸ್‌ಐ ಇದ್ದರೆ ಅಪ್ಪ ಅಮ್ಮನ ಚಿಕಿತ್ಸೆಗೂ ಆಧಾರ. ‘ಕೈಗೇ ಪೂರ್ತಿ 13,000’ ಅನ್ನುವ ಕಡೆಗಿಂತ ಇವೆರಡೂ ಹಿಡಿದು 11,342 ಕೊಡುವ ಜಾಗ ಮೇಲು. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ಕನಿಷ್ಠ ವೇತನ ಅನ್ವಯಿಸುತ್ತದೆ, ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ‘ಮೊದಲ ಆರು ತಿಂಗಳು ಟ್ರೈನಿಂಗ್, ಐದು ಸಾವಿರ’ ಅನ್ನುವ ಮಾತಿಗೆ ಒಪ್ಪುವ ಮುನ್ನ ಆ ಅಧಿಸೂಚನೆ ನೋಡಿ.

6. ಸಾಲ ಎಲ್ಲಿಗೆ ನಿಲ್ಲಬೇಕು

ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಅಷ್ಟು ಸಿಗುತ್ತದೆ ಅಂತ ಅಷ್ಟೂ ತೆಗೆದುಕೊಳ್ಳಬಾರದು. ಓದುವಾಗ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆ ಒಂದು ಲಕ್ಷದಂತೆ ಎರಡು ವರ್ಷ, ಶೇ 10ರ ಬಡ್ಡಿ ಅನ್ನಿ. ಮೊದಲ ಲಕ್ಷಕ್ಕೆ ಮೂರು ವರ್ಷದ ಬಡ್ಡಿ 30,000, ಎರಡನೆಯದಕ್ಕೆ ಎರಡು ವರ್ಷದ್ದು 20,000. ಕಂತು ಶುರುವಾಗುವ ಹೊತ್ತಿಗೆ ಸಾಲ 2,50,000 ಆಗಿರುತ್ತದೆ. ಐದು ವರ್ಷದ ಕಂತು ತಿಂಗಳಿಗೆ 5,312. ಮೇಲೆ ಹೇಳಿದ 11,342ರಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲಿಗೇ ಹೋಯಿತು.

ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಬಂದರೆ, ಮೊದಲ ವರ್ಷ 833, ಆಮೇಲೆ 1,667, ಕಂತು 4,249ಕ್ಕೆ ಇಳಿಯುತ್ತದೆ. ಡೈರಿಗೆ ಹಾಲು ಹಾಕುವ ಮನೆಯವರು ಆ ಬಟವಾಡೆಯಿಂದ ಇಷ್ಟನ್ನು ತೆಗೆದಿಡಬಹುದು, ಖಂಡಿತ ತೆಗೆದಿಡಿ.

ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಅನ್ನುವುದು ನಾನು ಎಲ್ಲರಿಗೂ ಹೇಳುವ ಗೆರೆ. 11,342ಕ್ಕೆ ಅದು ಸುಮಾರು 3,780. ಹಿಂದಕ್ಕೆ ಲೆಕ್ಕ ಹಾಕಿದರೆ, ಬಡ್ಡಿ ಕಟ್ಟದೇ ಬಿಟ್ಟವರು 1,40,000ಕ್ಕಿಂತ ಹೆಚ್ಚು ಸಾಲ ಮಾಡಬಾರದು. ಕೈಸಾಲ, ಚೀಟಿ, ಒಡವೆ ಸಾಲ, ಸಂಘದ ಸಾಲ ಎಲ್ಲ ಈ ಮಿತಿಯೊಳಗೇ ಬರಬೇಕು.

7. ಕೈಕೆಲಸ ಕಲಿಸುತ್ತಾರೆಯೇ?

ಸಂಬಳ ನಿರ್ಧಾರವಾಗುವುದು ಅಂಕಪಟ್ಟಿ ನೋಡಿ ಅಲ್ಲ. ಸಂದರ್ಶನಕ್ಕೆ ಬಂದವರಿಗೆ ನಮ್ಮಲ್ಲಿ ಒಂದು ಟ್ರೇ ಕೊಡುತ್ತಾರೆ. ಅದರಲ್ಲಿ ಬೇರೆ ಬೇರೆ ಬಣ್ಣದ ಮುಚ್ಚಳದ ಟ್ಯೂಬುಗಳು. ಒಬ್ಬರಿಗೇ ಪಿಟಿ (ರಕ್ತ ಹೆಪ್ಪುಗಟ್ಟುವ ಸಮಯ), ಲಿವರ್, ಸಿಬಿಸಿ (ರಕ್ತಕಣಗಳ ಎಣಿಕೆ), ಶುಗರ್ ನಾಲ್ಕೂ ಬೇಕು, ಯಾವ ಕ್ರಮದಲ್ಲಿ ತೆಗೀತೀರಿ ಅಂತ ಕೇಳುತ್ತಾರೆ. ಕಲಿತವರು ತಿಳಿನೀಲಿ ಮೊದಲು ಎತ್ತಿ, ಅದನ್ನು ಗೆರೆಯವರೆಗೆ ತುಂಬಿಸುತ್ತಾರೆ. ಅದರೊಳಗಿನ ಸಿಟ್ರೇಟ್ ದ್ರವದ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಇರದಿದ್ದರೆ ಪಿಟಿ ಫಲಿತಾಂಶವೇ ತಪ್ಪು. ಆಮೇಲೆ ಹಳದಿ ಅಥವಾ ಕೆಂಪು, ಆಮೇಲೆ ನೇರಳೆ, ಕೊನೆಗೆ ಬೂದು. ನೇರಳೆಯನ್ನು ಮೊದಲು ತೆಗೆದರೆ ಅದರೊಳಗಿನ ಇಡಿಟಿಎ ಅನ್ನುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಮುಂದಿನ ಟ್ಯೂಬಿಗೆ ಸೋಕಿ ಪೊಟ್ಯಾಸಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ತೋರಿಸುತ್ತದೆ. ರೋಗಿಗೆ ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗಬಹುದು. ಟ್ರೇ ಮುಂದೆ ತಡವರಿಸಿದವರಿಗೆ ಕೆಲಸ ಸಿಕ್ಕರೂ ಕಡಿಮೆ ಸಂಬಳಕ್ಕೆ ಸಿಗುತ್ತದೆ.

ಹಾಗಾಗಿ ಕಾಲೇಜಿಗೆ ಹೋದಾಗ ಕಟ್ಟಡ ನೋಡುವುದಕ್ಕಿಂತ ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ‘ನೀನೇ ಸೂಜಿ ಹಾಕಿ ರಕ್ತ ತೆಗ್ದಿದೀಯಾ ಮಗ? ವಾರಕ್ಕೆ ಎಷ್ಟು ದಿನ ಆಸ್ಪತ್ರೆಗೆ ಕಳಿಸ್ತಾರೆ? ಯಾವ ಆಸ್ಪತ್ರೆ?’ ಎಕ್ಸ್‌ರೇ ಕೋರ್ಸಾದರೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿದ್ದಾರಾ ಅಂತ ಅವರ ಕೋಟು ನೋಡಿ. ಡಯಾಲಿಸಿಸ್ ಆದರೆ ಕಾಲೇಜಿಗೆ ಸಂಬಂಧಿಸಿದ ಆಸ್ಪತ್ರೆಯಲ್ಲಿ ಎಷ್ಟು ಯಂತ್ರ ಓಡುತ್ತವೆ ಅಂತ ಕೇಳಿ. ಒಬ್ಬ ರೋಗಿಗೆ ನಾಲ್ಕು ಗಂಟೆ ಬೇಕು, ಎರಡೇ ಯಂತ್ರದ ಮುಂದೆ ಮೂವತ್ತು ಮಕ್ಕಳು ನಿಂತರೆ ಕಲಿಯುವುದು ಕಷ್ಟ. ಅಂದಹಾಗೆ, ಸರ್ಕಾರದ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ನಡೆಯುತ್ತಿರುವುದರಿಂದ ಊರ ಹತ್ತಿರವೇ ಇರಬೇಕು ಅನ್ನುವವರಿಗೆ ಇದು ಯೋಚಿಸಬೇಕಾದ ಕೋರ್ಸು.

8. ಲೆಕ್ಕಕ್ಕೆ ಸೇರಿಸಬಾರದ ಮೂರು ಆಸೆಗಳು

ಸರ್ಕಾರಿ ನೌಕರಿ ಒಂದು. 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000 ಆಗಿರುವುದರಿಂದ ಆಸೆ ಸಹಜ. ಪ್ರಯತ್ನ ಮಾಡಲೇಬೇಕು. ಆದರೆ ಕಾಯಂ ಹುದ್ದೆಗೆ ಕರೆಯುವುದು ಯಾವಾಗಲೋ, ನಡುವೆ ಬರುವುದು ಗುತ್ತಿಗೆ, ಹೊರಗುತ್ತಿಗೆ. ಸಿಕ್ಕರೆ ಲಾಭ ಅಂತಿರಲಿ, ಸಾಲದ ಕಂತನ್ನು ಅದರ ಮೇಲೆ ಕಟ್ಟಬೇಡಿ. ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಪದವೀಧರರಿಗೆ 3,000 ಕೊಡುವ ಯುವನಿಧಿಯೂ ಹಾಗೆಯೇ. ಅದು ಎರಡು ವರ್ಷ ಮಾತ್ರ.

ಸ್ವಂತ ಲ್ಯಾಬು ಎರಡನೆಯದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ವರದಿಗೆ ಅರ್ಹ ವೈದ್ಯರ ಸಹಿ ಬೇಕು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಪ್ಲೊಮಾ ಮುಗಿಸಿದವರು ತಾವೇ ಸಹಿ ಹಾಕಿಕೊಂಡು ಲ್ಯಾಬ್ ನಡೆಸುವಂತಿಲ್ಲ. ಯಂತ್ರದ ಬೆಲೆಯ ಜತೆ ವೈದ್ಯರಿಗೆ ಕೊಡುವುದನ್ನೂ ಸೇರಿಸಿಯೇ ಯೋಚಿಸಬೇಕು.

ಗಲ್ಫ್ ಮೂರನೆಯದು. ಅಲ್ಲಿಗೆ ಅನುಭವ, ಪ್ರೊಮೆಟ್ರಿಕ್ ಅನ್ನುವ ಕಂಪ್ಯೂಟರ್ ಅರ್ಹತಾ ಪರೀಕ್ಷೆ, ದಾಖಲೆ ಪರಿಶೀಲನೆ ಎಲ್ಲ ಆಗಬೇಕು. ಓದು ಮುಗಿದ ಮಾರನೇ ದಿನ ಕಳಿಸುತ್ತೇವೆ ಅಂತ ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

9. ಕಟ್ಟುವ ದಿನ

ಕೂಡಿಸಿ ಭಾಗಿಸಿದ ಮೇಲೆ ಹಾಕಿದ್ದು 24 ತಿಂಗಳೊಳಗೆ ವಾಪಸ್ ಬರುವಂತಿದ್ದರೆ ಧೈರ್ಯವಾಗಿ ಸೇರಿಸಿ. 36 ದಾಟಿದರೆ ಬೇರೆ ಕಾಲೇಜು ನೋಡಿ. ನಡುವೆ ಇದ್ದರೆ ಮಗುವನ್ನು ಕೂರಿಸಿಕೊಂಡು ಕೇಳಿ: ರಕ್ತ ಕಂಡರೆ ತಲೆ ಸುತ್ತುತ್ತದೆಯೇ, ರಾತ್ರಿ ಪಾಳಿ ಆಗುತ್ತದೆಯೇ, ಹಬ್ಬದ ದಿನ ಡ್ಯೂಟಿ ಬಿದ್ದರೆ ಹೋಗುತ್ತಾಳೆಯೇ. ಅರ್ಧಕ್ಕೆ ಬಿಟ್ಟರೆ ಆಗುವ ನಷ್ಟದ ಮುಂದೆ ಮೇಲಿನ ಲೆಕ್ಕವೆಲ್ಲ ಸಣ್ಣದು.

ಹಣವನ್ನು ಕಾಲೇಜಿನ ಖಾತೆಗೇ ಹಾಕಿ, ಏಜೆಂಟರ ಫೋನ್ ಪೇ ಸಂಖ್ಯೆಗಲ್ಲ. ಎರಡೂ ವರ್ಷದ ಒಟ್ಟು ಫೀಸನ್ನು ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ, ‘ಇದಕ್ಕಿಂತ ಬೇರೆ ಶುಲ್ಕ ಇಲ್ಲ’ ಅನ್ನುವ ಸಾಲೂ ಅದರಲ್ಲಿರಲಿ. ಬಿಟ್ಟುಹೋದರೆ ಎಷ್ಟು ಹಿಂದಿರುಗಿಸುತ್ತಾರೆ ಅಂತಲೂ ಬರೆಸಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ. ಇಟ್ಟುಕೊಳ್ಳಲೇಬೇಕು ಅಂದರೆ ಯಾವ ಯಾವ ದಾಖಲೆ, ಯಾವ ತಾರೀಖು ಅಂತ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಸೇರಿದ ಮೇಲೆ ಒಂದೆರಡು ತಿಂಗಳಲ್ಲಿ ಬೋರ್ಡಿನ ನೋಂದಣಿ ಸಂಖ್ಯೆ ಕೇಳಿ. ಅದು ಕೈಗೆ ಬರುವ ತನಕ ಫೀಸಿನ ಎರಡನೇ ಕಂತು ಕಟ್ಟಬೇಡಿ.